ಕೀಲಿನ ಊತ ಇಳಿದರೂ ತೊಡೆ ಏಕೆ ಸೊರಗುತ್ತದೆ?

ಪ್ರಶ್ನೆ: ನನಗೀಗ 54 ವರ್ಷ. ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿದ್ದೇವೆ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಏಳು ವರ್ಷದಿಂದ ರುಮಟಾಯ್ಡ್ ಸಂಧಿವಾತವಿದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ, ನೋವು ಹೆಚ್ಚಾದಾಗ ಪ್ರೆಡ್ನಿಸೋಲೋನ್ ನುಂಗುತ್ತೇನೆ. ಒಂದು ವರ್ಷದಿಂದ ಊತ, ನೋವು ಎರಡೂ ಕಡಿಮೆಯಾಗಿವೆ, ರಕ್ತಪರೀಕ್ಷೆಯೂ ಚೆನ್ನಾಗಿದೆ ಎನ್ನುತ್ತಾರೆ. ಆದರೆ ತೊಡೆ, ತೋಳು ಸೊರಗಿವೆ. ನೆಲದ ಮೇಲೆ ಕುಳಿತರೆ ಕೈಯೂರದೆ ಏಳಲಾಗುವುದಿಲ್ಲ, ಸೊಪ್ಪಿನ ಹೊರೆ ಎತ್ತಲಾಗುವುದಿಲ್ಲ. ತೂಕ ಮಾತ್ರ ಮೊದಲಿನಂತೆ 58 ಕೆ.ಜಿ. ಇದೆ, ಹಾಗಾಗಿ ಮನೆಯವರು ನಂಬುವುದಿಲ್ಲ. ವಾಯು ಎಂದು ಕಾಳು, ಬೇಳೆ, ಮೊಟ್ಟೆ ಬಿಟ್ಟಿದ್ದೇನೆ. ಇದು ಕಾಯಿಲೆಯಿಂದಲೋ, ಮಾತ್ರೆಯಿಂದಲೋ, ವಯಸ್ಸಿನಿಂದಲೋ? ವ್ಯಾಯಾಮ ಮಾಡಿದರೆ ಕೀಲು ಇನ್ನಷ್ಟು ಸವೆಯುವುದಿಲ್ಲವೇ?

ಉತ್ತರ: ನಿಮಗೆ ಕಾಣುತ್ತಿರುವುದು ಭ್ರಮೆಯಲ್ಲ. ತೂಕದ ಯಂತ್ರ 58 ಎಂದೇ ತೋರಿಸುತ್ತಿದ್ದರೂ ತೊಡೆ ಮತ್ತು ತೋಳಿನ ಸ್ನಾಯುಗಳು ಕರಗಿರಬಹುದು. ರುಮಟಾಯ್ಡ್ ಸಂಧಿವಾತದಲ್ಲಿ ಇದು ಅಪರೂಪವೂ ಅಲ್ಲ. ರೋಗಿಯ 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಊತವಿರುವುದೆಷ್ಟು, ನೋವಿರುವುದೆಷ್ಟು ಎಂದು ಎಣಿಸುವ ಪದ್ಧತಿ ನಮ್ಮ ವೈದ್ಯಕೀಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಅದೇ ರೋಗಿ ಕುರ್ಚಿಯಿಂದ ಹೇಗೆ ಎದ್ದರು ಎಂಬುದನ್ನು ಗಮನಿಸಿ ಚೀಟಿಯಲ್ಲಿ ಬರೆಯುವ ಪದ್ಧತಿ ಇನ್ನೂ ಅಷ್ಟಾಗಿ ಬಂದಿಲ್ಲ. ನಿಮ್ಮ ಪ್ರಶ್ನೆಗೆ ಚುಟುಕಾಗಿ ಹೇಳುವುದಾದರೆ ಕಾಯಿಲೆ, ಮಾತ್ರೆ, ವಯಸ್ಸು ಮೂರರ ಪಾಲೂ ಇದರಲ್ಲಿದೆ. ಆದರೆ ನೀವು ಕಾರಣವೆಂದು ಎಣಿಸದೆ ಬಿಟ್ಟ ಇನ್ನೆರಡು ಸಂಗತಿಗಳು, ಅಂದರೆ ವಿಶ್ರಾಂತಿ ಮತ್ತು ಪಥ್ಯ, ಈಗ ಅವಕ್ಕಿಂತ ಹೆಚ್ಚು ಕೆಡುಕು ಮಾಡುತ್ತಿವೆ ಎಂದು ನನಗನ್ನಿಸುತ್ತದೆ. ಹೋದ ಸ್ನಾಯು ಮಾತ್ರೆಯಿಂದ ತಾನಾಗಿ ಮರಳುವುದಿಲ್ಲ. ಅದಕ್ಕೆ ಭಾರ ಕೊಟ್ಟು, ಊಟ ಕೊಟ್ಟು ಮರಳಿ ಕಟ್ಟಬೇಕು. 54ನೇ ವಯಸ್ಸಿನಲ್ಲಿ ಅದು ಖಂಡಿತ ಸಾಧ್ಯ.

ಮೊದಲು ಕಾಯಿಲೆಯ ಪಾಲನ್ನು ನೋಡೋಣ. ರುಮಟಾಯ್ಡ್ ಸಂಧಿವಾತ ಕೀಲುಗಳಿಗೆ ಮಾತ್ರ ಸಂಬಂಧಿಸಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವುದರಿಂದ ಕೀಲು ಊದಿಕೊಳ್ಳುತ್ತದೆ ಎಂಬುದು ನಿಜ. ಆದರೆ ಆ ಊದಿದ ಪೊರೆಯಲ್ಲಿ ತಯಾರಾಗುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ರಾಸಾಯನಿಕಗಳು ಕೀಲಿನೊಳಗೇ ನಿಲ್ಲದೆ ರಕ್ತದೊಂದಿಗೆ ಮೈಯೆಲ್ಲ ಸುತ್ತುತ್ತವೆ. ದೀರ್ಘಕಾಲದ ಕಾಯಿಲೆಯಲ್ಲಿ ಮೈ ಸೊರಗಿಸುವ ವಸ್ತು ಯಾವುದೆಂದು ಹುಡುಕುತ್ತಿದ್ದ ವಿಜ್ಞಾನಿಗಳಿಗೂ, ಗೆಡ್ಡೆಯ ಕೋಶಗಳನ್ನು ಕೊಲ್ಲುವ ವಸ್ತು ಯಾವುದೆಂದು ಹುಡುಕುತ್ತಿದ್ದವರಿಗೂ ಕೊನೆಗೆ ಸಿಕ್ಕಿದ್ದು ಈ ಟಿಎನ್‌ಎಫ್ ಎಂಬ ಒಂದೇ ಅಣು. ಅದು 1985ರಲ್ಲಿ ಸ್ಪಷ್ಟವಾಯಿತು.

ಸ್ನಾಯು ಒಮ್ಮೆ ಬೆಳೆದ ಮೇಲೆ ಹಾಗೇ ಉಳಿಯುವ ವಸ್ತುವಲ್ಲ. ಅದರೊಳಗಿನ ಪ್ರೋಟೀನ್ ದಿನವೂ ಒಡೆಯುತ್ತಿರುತ್ತದೆ, ದಿನವೂ ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತದೆ. ಉರಿಯೂತದ ರಾಸಾಯನಿಕಗಳು ಒಡೆಯುವ ಕೆಲಸವನ್ನು ಚುರುಕುಗೊಳಿಸುತ್ತವೆ, ಕಟ್ಟುವಂತೆ ಹೇಳುವ ಇನ್ಸುಲಿನ್‌ನಂಥ ಹಾರ್ಮೋನುಗಳಿಗೆ ಸ್ನಾಯು ಸರಿಯಾಗಿ ಓಗೊಡದಂತೆ ಮಾಡುತ್ತವೆ. ಹೀಗೆ ಒಡೆದು ಬಂದ ಅಮೈನೋ ಆಮ್ಲಗಳನ್ನು ಯಕೃತ್ತು ಎಳೆದುಕೊಂಡು, ನಿಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಸಿಆರ್‌ಪಿ ಎಂದು ಕಾಣುವಂಥ ಪ್ರೋಟೀನುಗಳನ್ನು ತಯಾರಿಸುತ್ತದೆ. ಕಷ್ಟಕಾಲಕ್ಕೆಂದು ತುಂಬಿಟ್ಟ ಕಣಜದಿಂದ ದಿನಕ್ಕೊಂದು ಮೊರದಷ್ಟು ತೆಗೆಯುತ್ತಾ ಹೋದರೆ ಹೊರಗಿನಿಂದ ನೋಡುವವರಿಗೆ ಬಹಳ ಕಾಲ ಏನೂ ತಿಳಿಯುವುದಿಲ್ಲ. ಸಂಧಿವಾತದ ಮೊದಲ ಒಂದೆರಡು ವರ್ಷ, ಇನ್ನೂ ಸರಿಯಾದ ಔಷಧ ಸಿಗದೆ ಕೀಲುಗಳು ಉರಿಯುತ್ತಿದ್ದಾಗ, ಮೈಯೊಳಗೆ ನಡೆಯುವುದೂ ಅದೇ.

ಊದಿದ ಕೀಲಿನ ಸುತ್ತಲಿನ ಸ್ನಾಯು ಸೊರಗುವುದನ್ನು ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1873ರಲ್ಲಿಯೇ ಬರೆದಿಟ್ಟಿದ್ದರು. ಆದರೆ ಅದನ್ನು ಅಳೆದು ತೋರಿಸಲು ನೂರಿಪ್ಪತ್ತು ವರ್ಷ ಬೇಕಾಯಿತು. ಅಮೆರಿಕದ ಬಾಸ್ಟನ್ನಿನ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಧಿವಾತವಿದ್ದವರ ಮೈಯಲ್ಲಿ ಜೀವಂತ ಕೋಶಗಳ ಒಟ್ಟು ರಾಶಿ, ಅದರಲ್ಲಿ ದೊಡ್ಡ ಪಾಲು ಸ್ನಾಯುವಿನದೇ, ಆರೋಗ್ಯವಂತರಿಗಿಂತ ಶೇ. 13ರಷ್ಟು ಕಡಿಮೆಯಿತ್ತು, ಸುಮ್ಮನೆ ಮಲಗಿದ್ದಾಗ ಖರ್ಚಾಗುವ ಶಕ್ತಿ ಮಾತ್ರ ಶೇ. 12ರಷ್ಟು ಹೆಚ್ಚಿತ್ತು. ಏನೂ ಕೆಲಸ ಮಾಡದಿದ್ದರೂ ಸುಸ್ತು ಎಂದು ಹೇಳುವ ರೋಗಿಗಳನ್ನು ಮನೆಯವರು ಸೋಮಾರಿಗಳೆಂದು ಜರೆಯುವ ಮುನ್ನ ಈ ಎರಡು ಸಂಖ್ಯೆಗಳನ್ನು ನೆನೆಯಬೇಕು.

ಹಾಗಾದರೆ ತೂಕ ಏಕೆ ಇಳಿಯಲಿಲ್ಲ? ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತಿದೆ. ಓಡಾಟ ಕಡಿಮೆಯಾಗಿರುತ್ತದೆ, ಪ್ರೆಡ್ನಿಸೋಲೋನ್ ಹಸಿವು ಹೆಚ್ಚಿಸುತ್ತದೆ, ಮುಟ್ಟು ನಿಲ್ಲುವ ವಯಸ್ಸು ಬೇರೆ. ಇವೆಲ್ಲ ಸೇರಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸ್ವಲ್ಪ ಭಾಗ ಸ್ನಾಯುವಿನ ಎಳೆಗಳ ನಡುವೆಯೂ ನುಸುಳುತ್ತದೆ. ಯಂತ್ರದ ಮುಳ್ಳಿಗೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂಬ ಭೇದ ತಿಳಿಯದು. ಅದೂ ಅಲ್ಲದೆ, ಅಷ್ಟೇ ತೂಕದ ಯುರೋಪಿನವರಿಗೆ ಹೋಲಿಸಿದರೆ ನಮ್ಮ ದೇಶದವರ ಮೈಯಲ್ಲಿ ಕೊಬ್ಬಿನಂಶ ಮೊದಲೇ ಹೆಚ್ಚು. ಮೈಸೂರಿನಲ್ಲಿ ನನ್ನ ಬಳಿಗೆ ಬರುವ ಹೆಂಗಸರಲ್ಲಿ ನಾನು ತೂಕಕ್ಕಿಂತ ಮೊದಲು ಕೇಳುವುದು ಬಟ್ಟೆಯ ವಿಚಾರ: ಕುಪ್ಪಸದ ತೋಳು ಸಡಿಲವಾಗಿದೆಯೇ, ಒಳಲಂಗದ ಲಾಡಿ ಮಾತ್ರ ಮೊದಲಿಗಿಂತ ಗಿಡ್ಡವಾಗಿದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಒಳಗೆ ಏನು ಅದಲುಬದಲಾಗಿದೆ ಎಂಬುದು ಬಹುಮಟ್ಟಿಗೆ ತಿಳಿದಂತೆಯೇ. ಅಂಗೈ ಕೆಳಗೆ ಮಾಡಿ ಮುಂಗೈಯ ಮೇಲ್ಭಾಗವನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಬೆರಳಿನ ಎಲುಬುಗಳ ನಡುವೆ, ಅದರಲ್ಲೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಉಬ್ಬಿದ ಜಾಗದಲ್ಲಿ ಹಳ್ಳ ಬಿದ್ದಿದ್ದರೆ ಅಲ್ಲಿನ ಸಣ್ಣ ಸ್ನಾಯುಗಳೂ ಸೊರಗಿವೆ ಎಂದರ್ಥ.

ಮಂಡಿಯ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಮಂಡಿಯೊಳಗೆ ನೀರು ತುಂಬಿಕೊಂಡಾಗ ಅಲ್ಲಿಂದ ಬೆನ್ನುಹುರಿಗೆ ಹೋಗುವ ಸಂಕೇತ ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ತಡೆಹಿಡಿಯುತ್ತದೆ. ಆರೋಗ್ಯವಂತರ ಮಂಡಿಯೊಳಗೆ ನೋವೇ ಆಗದಂತೆ ಬರಿಯ ಉಪ್ಪುನೀರನ್ನು ತುಂಬಿಸಿ ನೋಡಿದಾಗಲೂ ಆ ಸ್ನಾಯುವಿನ ಬಲ ಕುಂದಿದ್ದು ಪ್ರಯೋಗಗಳಲ್ಲಿ ಕಂಡಿದೆ. ರೋಗಿ ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ, ಬಿಗಿಯದ ಸ್ನಾಯು ವಾರಗಳಲ್ಲಿ ತೆಳ್ಳಗಾಗುತ್ತದೆ. ಈ ತಡೆ ಊತ ಇಳಿದ ಮೇಲೂ ಕೆಲಕಾಲ ಉಳಿಯುವುದುಂಟು. ನೆಲದಿಂದ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಗುವುದಕ್ಕೆ ಈ ಒಂದು ಸ್ನಾಯುವೇ ಮುಖ್ಯ ಕಾರಣವಾಗಿರುತ್ತದೆ.

ಇನ್ನು ಮಾತ್ರೆ. ಮೆಥೋಟ್ರೆಕ್ಸೇಟ್ ಮೇಲೆ ಅನುಮಾನ ಬೇಡ. ಉರಿಯೂತವನ್ನು ಅಡಗಿಸಿ ಸ್ನಾಯುವಿನ ಸೋರಿಕೆಯನ್ನು ತಡೆಯುತ್ತಿರುವುದು ಅದೇ. ಪ್ರೆಡ್ನಿಸೋಲೋನ್ ವಿಷಯ ಬೇರೆ, ಅದು ಸ್ಟೀರಾಯ್ಡ್. ಅದು ಉರಿಯೂತವನ್ನು ಬೇಗ ಇಳಿಸುತ್ತದೆ, ಆದರೆ ಸ್ನಾಯುವಿನ ಪ್ರೋಟೀನನ್ನು ತಾನೂ ಒಡೆಯುತ್ತದೆ, ಅದರಲ್ಲೂ ಥಟ್ಟನೆ ಏಳಲು, ಭಾರ ಎತ್ತಲು ಬೇಕಾದ ವೇಗದ ಎಳೆಗಳನ್ನು ಮೊದಲು ಹಿಡಿಯುತ್ತದೆ. ಸೊಂಟ, ತೊಡೆ, ಭುಜದ ಸ್ನಾಯುಗಳು ನೋವಿಲ್ಲದೆ ಸದ್ದಿಲ್ಲದೆ ಬಲ ಕಳೆದುಕೊಳ್ಳುವುದು ಇದರ ಲಕ್ಷಣ. ರಕ್ತದಲ್ಲಿ ಸ್ನಾಯುವಿನ ಕಿಣ್ವವಾದ ಸಿಕೆ ಸಾಮಾನ್ಯ ಮಟ್ಟದಲ್ಲೇ ಇರುವುದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೂ ಇಲ್ಲ. ದಿನಕ್ಕೆ 10 ಮಿಲಿಗ್ರಾಂ ಒಳಗೆ, ಅದೂ ಸ್ವಲ್ಪ ಕಾಲ ತೆಗೆದುಕೊಂಡವರಲ್ಲಿ ಇದು ಅಷ್ಟಾಗಿ ಆಗುವುದಿಲ್ಲ. ನೋವು ಹೆಚ್ಚಾದಾಗ ನುಂಗುತ್ತೇನೆ ಎಂದು ಬರೆದಿದ್ದೀರಿ, ಎಷ್ಟು ಮಿಲಿಗ್ರಾಂ, ತಿಂಗಳಿಗೆ ಎಷ್ಟು ದಿನ ಎಂದು ಬರೆದಿಲ್ಲ. ಹಳೆಯ ಚೀಟಿಯನ್ನು ತೋರಿಸಿ ಮೆಡಿಕಲ್ ಸ್ಟೋರಿನಿಂದ ಮತ್ತೆ ಮತ್ತೆ ತರುತ್ತಿದ್ದರೆ ಅದು ನೀವು ತಿಳಿದಿರುವುದಕ್ಕಿಂತ ಹೆಚ್ಚೇ ಆಗಿರಬಹುದು. ಮಂಡಿನೋವಿಗೆಂದು ಪೊಟ್ಟಣ ಕಟ್ಟಿ ಕೊಡುವ ಹೆಸರಿಲ್ಲದ ಪುಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಡೆಕ್ಸಾಮೆಥಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಸಿಗುವುದಂತೂ ಇನ್ನೂ ಸುಲಭ. ಅದರ ಮುಕ್ಕಾಲು ಮಿಲಿಗ್ರಾಂ ಪ್ರೆಡ್ನಿಸೋಲೋನಿನ 5 ಮಿಲಿಗ್ರಾಮಿಗೆ ಸಮ, ಸ್ನಾಯುವಿಗೆ ಹಾನಿ ಮಾಡುವುದರಲ್ಲಿ ಒಂದು ಕೈ ಮೇಲೆ. ಆದರೆ ಇದನ್ನು ಓದಿ ಮಾತ್ರೆಯನ್ನು ಇಂದೇ ಬಿಸಾಡಬೇಡಿ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ನಿತ್ಯ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಬಳಿ ಕೂತು, ಮೂಲ ಔಷಧವಾದ ಮೆಥೋಟ್ರೆಕ್ಸೇಟನ್ನು ಹೊಂದಿಸಿಕೊಂಡು, ಹಂತಹಂತವಾಗಿ ಇಳಿಸಬೇಕು.

ಕಾಯಿಲೆ ಹತೋಟಿಗೆ ಬಂದ ಮೇಲೆ ಸ್ನಾಯು ತಾನಾಗಿ ತುಂಬಿಕೊಳ್ಳಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ, ಎಷ್ಟೋ ವೈದ್ಯರೂ ಹಾಗೆಂದೇ ನಂಬಿದ್ದರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಬ್ಯಾಂಗರ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಆಧುನಿಕ ಔಷಧಗಳಿಂದ ಕಾಯಿಲೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟುಕೊಂಡಿದ್ದ ರೋಗಿಗಳಲ್ಲಿಯೂ ಸ್ನಾಯುವಿನ ರಾಶಿ ಕಡಿಮೆಯಾಗಿ, ಕೊಬ್ಬು ಹೆಚ್ಚಾಗಿ, ಕುರ್ಚಿಯಿಂದ ಏಳುವ ಮತ್ತು ನಡೆಯುವ ಶಕ್ತಿ ಸಮವಯಸ್ಕರಿಗಿಂತ ಗಮನಾರ್ಹವಾಗಿ ಕುಂದಿತ್ತು. ಔಷಧ ಸೋರಿಕೆಯನ್ನು ನಿಲ್ಲಿಸುತ್ತದೆ, ಸೋರಿಹೋದದ್ದನ್ನು ತುಂಬಿಕೊಡುವುದಿಲ್ಲ. ನಿಮ್ಮ ಸ್ಥಿತಿಯೂ ಇದೇ ಎಂದು ನನ್ನ ಅಂದಾಜು.

ವಿಶ್ರಾಂತಿಯ ಮಾತಿಗೆ ಬರೋಣ. ನೋವಿರುವ ಕೀಲಿಗೆ ವಿಶ್ರಾಂತಿ ಕೊಡಬೇಕೆಂಬ ಸಲಹೆ ಹಿಂದಿನ ಕಾಲದ್ದು, ಆಗ ಪರಿಣಾಮಕಾರಿ ಔಷಧಗಳಿರಲಿಲ್ಲ. ಕೀಲು ಕೆಂಪಾಗಿ ಬಿಸಿಯಾಗಿ ಊದಿರುವ ಕೆಲವು ದಿನಗಳ ಮಟ್ಟಿಗೆ ಅದು ಇಂದಿಗೂ ಸರಿ. ತಿಂಗಳುಗಟ್ಟಲೆ ಕೂರಲು ಅದು ಪರವಾನಗಿಯಲ್ಲ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲಿಯೇ ಇರಿಸಿ ನೋಡಿದ ಅಧ್ಯಯನದಲ್ಲಿ ಬರಿಯ ಕಾಲುಗಳಿಂದಲೇ ಸರಿಸುಮಾರು 1 ಕೆ.ಜಿ. ಸ್ನಾಯು ಕಡಿಮೆಯಾಗಿತ್ತು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಸೊಸೆಯಂದಿರು, ಮಕ್ಕಳು ಪ್ರೀತಿಯಿಂದಲೇ ‘ನೀವು ಕೂತ್ಕೊಳಿ ಅಮ್ಮ, ನಾವು ಮಾಡ್ತೀವಿ’ ಎನ್ನುತ್ತಾರೆ, ಆ ಪ್ರೀತಿ ತೊಡೆಗೆ ದುಬಾರಿಯಾಗಿ ಪರಿಣಮಿಸುತ್ತದೆ. ಹುಳುವಿಗೆ ಸೊಪ್ಪು ಹೆಚ್ಚುವುದು, ಹಾಸು ತೆಗೆಯುವುದು, ಚಂದ್ರಿಕೆಗೆ ಹಣ್ಣುಹುಳು ಬಿಡುವುದು ಇವೆಲ್ಲ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಬೆರಳು, ಮಣಿಕಟ್ಟುಗಳಿಗೆ ಅವು ಬೇಕಾದದ್ದಕ್ಕಿಂತ ಹೆಚ್ಚೇ ಕೆಲಸ ಕೊಡುತ್ತವೆ, ತೊಡೆಗೆ ಕೊಡುವುದಿಲ್ಲ. ನಡಿಗೆಯೂ ಅಷ್ಟೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ವರ್ಷಗಟ್ಟಲೆ ತಪ್ಪದೆ ನಡೆಯುವ ಸಂಧಿವಾತದ ರೋಗಿಗಳನ್ನು ಬಲ್ಲೆ. ಅವರ ಹೃದಯಕ್ಕೆ, ಸಕ್ಕರೆಯ ಮಟ್ಟಕ್ಕೆ ಅದರಿಂದ ಒಳ್ಳೆಯದೇ ಆಗಿದೆ, ಆದರೆ ತೆಳ್ಳಗಾದ ತೊಡೆ ನಡಿಗೆಯೊಂದರಿಂದಲೇ ತುಂಬಿಕೊಳ್ಳುವುದು ಕಡಿಮೆ.

ಪಥ್ಯದ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬರುವ ಕೀಲುನೋವಿನ ರೋಗಿಗಳಲ್ಲಿ ಅವರೆಕಾಳು ವಾಯು, ಕಡಲೆ ವಾಯು, ಬೇಳೆ ವಾಯು, ಮೊಟ್ಟೆ ಉಷ್ಣ, ಮೊಸರು ಶೀತ ಎಂದು ಒಂದೊಂದನ್ನೇ ಬಿಟ್ಟು ಕೊನೆಗೆ ಮುದ್ದೆ, ತಿಳಿಸಾರು, ಅನ್ನ, ನೀರುಮಜ್ಜಿಗೆಯಲ್ಲಿ ದಿನ ತಳ್ಳುವವರು ಬಹಳ ಜನ. ಇನ್ನು ಕೆಲವರು ಯೂರಿಕ್ ಆಮ್ಲದ ಭಯದಿಂದ ಕಾಳು ಬಿಡುತ್ತಾರೆ. ಯೂರಿಕ್ ಆಮ್ಲದಿಂದ ಬರುವುದು ಗೌಟ್ ಎಂಬ ಬೇರೆಯೇ ಕಾಯಿಲೆ, ಅದರಲ್ಲಿಯೂ ಕಾಳುಬೇಳೆಗಳಿಂದ ಅಪಾಯ ಹೆಚ್ಚಿದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಕಾಳು, ಬೇಳೆ, ಮೊಟ್ಟೆ, ಮೊಸರು ಬಿಡಬೇಕೆಂಬುದಕ್ಕೆ ಆಧಾರವಿಲ್ಲ. ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ನಿಮಗೇ ನೋವು ಹೆಚ್ಚುತ್ತದೆ ಎಂಬುದು ಸ್ಪಷ್ಟವಾಗಿ ಕಂಡಿದ್ದರೆ ಆ ಒಂದನ್ನು ಬಿಡಿ, ಅದರ ಜಾಗಕ್ಕೆ ಇನ್ನೊಂದನ್ನು ತನ್ನಿ.

ನಿಮ್ಮ ಊಟವನ್ನು ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡು ಮುದ್ದೆಗೆ 200 ಗ್ರಾಂ ರಾಗಿ ಹಿಟ್ಟು ಎಂದುಕೊಂಡರೆ ಅದರಲ್ಲಿ 14 ಗ್ರಾಂ ಪ್ರೋಟೀನ್ ಇರುತ್ತದೆ. ರಾಗಿಯ ಹೆಚ್ಚುಗಾರಿಕೆ ಇರುವುದು ಸುಣ್ಣದ ಅಂಶದಲ್ಲಿ, ಪ್ರೋಟೀನಿನಲ್ಲಿ ಅದು ಅಕ್ಕಿಯಷ್ಟೇ. ಒಂದೂವರೆ ಪಾವಿನಷ್ಟು ಅನ್ನ ಎಂದು ಹಿಡಿಯದೆ ಕಡಿಮೆಯೇ ಹಿಡಿಯೋಣ, 150 ಗ್ರಾಂ ಅಕ್ಕಿಯಿಂದ 12 ಗ್ರಾಂ. ಕಾಫಿಗೆ ಹಾಕುವ ಹಾಲು, ಮಜ್ಜಿಗೆ, ಸೊಪ್ಪು ಎಲ್ಲ ಸೇರಿ 9 ಗ್ರಾಂ. ಒಟ್ಟು 35 ಗ್ರಾಂ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತರಿಗೇ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ, ಅಂದರೆ 58 ಕೆ.ಜಿ.ಗೆ 48 ಗ್ರಾಂ ಬೇಕು. ದೀರ್ಘಕಾಲದ ಕಾಯಿಲೆಯಿದ್ದು ಸ್ನಾಯು ಮರಳಿ ಕಟ್ಟಬೇಕಾದವರಿಗೆ ಕೆ.ಜಿ.ಗೆ 1.2 ಗ್ರಾಂವರೆಗೆ ಬೇಕಾಗುತ್ತದೆ, ಹಾಗೆ ನೋಡಿದರೆ ನಿಮಗೆ 70 ಗ್ರಾಂ. ಈಗ ತಿನ್ನುತ್ತಿರುವುದು ಅದರ ಅರ್ಧ.

ಇದನ್ನು ತುಂಬಿಸಲು ಡಬ್ಬಿಯಲ್ಲಿ ಬರುವ ದುಬಾರಿ ಪುಡಿ ಬೇಕಿಲ್ಲ. ಎರಡು ಮೊಟ್ಟೆಯಿಂದ 13 ಗ್ರಾಂ, ಹುರುಳಿ, ಅಲಸಂದೆ ಅಥವಾ ಅವರೆಕಾಳು ಒಣಗಿದ್ದು 50 ಗ್ರಾಂ ಬೇಯಿಸಿದರೆ 11 ಗ್ರಾಂ, ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರಿನಿಂದ 5 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7 ಗ್ರಾಂ ಸಿಗುತ್ತದೆ. ಅಲ್ಲಿಗೆ 70 ದಾಟಿತು. ಮೊಟ್ಟೆ ಒಲ್ಲದ ದಿನ 25 ಗ್ರಾಂ ಸೋಯಾ ಚಂಕ್ಸ್ ಅಷ್ಟೇ ಪ್ರೋಟೀನ್ ಕೊಡುತ್ತದೆ. ನಮ್ಮ ಕಡೆಯ ಬಸ್ಸಾರಿನ ಬಗ್ಗೆ ಒಂದು ಮಾತು: ಕಾಳು ಸೊಪ್ಪು ಬೇಯಿಸಿ ಬಸಿದ ನೀರಿನಿಂದ ಸಾರು, ಬಸಿದು ಉಳಿದ ಕಾಳಿನಿಂದ ಪಲ್ಯ ಮಾಡುತ್ತಾರಷ್ಟೆ, ಮನೆಯ ಹೆಂಗಸರು ಪಲ್ಯವನ್ನು ಗಂಡಸರಿಗೂ ಮಕ್ಕಳಿಗೂ ಬಡಿಸಿ ತಾವು ಸಾರಿನಲ್ಲಿ ಮುದ್ದೆ ನುಂಗಿ ಏಳುತ್ತಾರೆ. ಪ್ರೋಟೀನಿನ ಬಹುಪಾಲು ಆ ಪಲ್ಯದಲ್ಲಿದೆ. ಇನ್ನು ಭಾನುವಾರ ಬಾಡೂಟ ಮಾಡಿ ಮಿಕ್ಕ ಆರು ದಿನ ಏನೂ ಇಲ್ಲದಿರುವುದೂ ಸರಿಯಲ್ಲ, ಏಕೆಂದರೆ ಹೆಚ್ಚಾಗಿ ತಿಂದ ಪ್ರೋಟೀನನ್ನು ಮುಂದಿನ ವಾರಕ್ಕೆಂದು ಮೈ ಎತ್ತಿಡುವುದಿಲ್ಲ. ದಿನದ ಪಾಲನ್ನು ಮೂರು ಹೊತ್ತಿಗೂ ಹಂಚಬೇಕು, ಅದರಲ್ಲೂ ಬರಿಯ ಚಿತ್ರಾನ್ನ, ಉಪ್ಪಿಟ್ಟಿನಲ್ಲಿ ಮುಗಿಯುವ ಬೆಳಗಿನ ತಿಂಡಿಯ ಜೊತೆಗೆ ಮೊಟ್ಟೆಯನ್ನೋ ಮೊಳಕೆಕಾಳನ್ನೋ ಸೇರಿಸಬೇಕು. ಮೂತ್ರಪಿಂಡದ ತೊಂದರೆಯಿದ್ದು ಕ್ರಿಯಾಟಿನಿನ್ ಹೆಚ್ಚಿರುವವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಹೆಚ್ಚಿಸಬಾರದು.

ಊಟ ಎಷ್ಟೇ ಸರಿಯಾದರೂ ಸ್ನಾಯುವಿಗೆ ಭಾರ ಬೀಳದಿದ್ದರೆ ಅದು ಕಟ್ಟಿಕೊಳ್ಳುವುದಿಲ್ಲ. ವ್ಯಾಯಾಮದಿಂದ ಕೀಲು ಸವೆಯುತ್ತದೆಂಬ ನಿಮ್ಮ ಹೆದರಿಕೆಗೆ ಉತ್ತರವಾಗಿ ಸಾಕಷ್ಟು ಅಧ್ಯಯನಗಳಿವೆ. ಫಿನ್ಲೆಂಡಿನಲ್ಲಿ ಎರಡು ವರ್ಷ ಬಲವರ್ಧನೆಯ ವ್ಯಾಯಾಮ ಮಾಡಿದ ರೋಗಿಗಳ ಸ್ನಾಯುಬಲ ಹೆಚ್ಚಿತು, ಕಾಯಿಲೆ ಕೆರಳಲಿಲ್ಲ. ಮೊದಲು ಹೇಳಿದ ಬ್ಯಾಂಗರ್ ತಂಡವೇ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡು ಬಾರಿಯಂತೆ 24 ವಾರ ಕ್ರಮೇಣ ಭಾರ ಹೆಚ್ಚಿಸುತ್ತಾ ಹೋದ ಸಂಧಿವಾತದ ರೋಗಿಗಳಲ್ಲಿ ಸ್ನಾಯು ಹೆಚ್ಚಿತು, ಹೊಟ್ಟೆಯ ಕೊಬ್ಬು ಇಳಿಯಿತು, ಕುರ್ಚಿಯಿಂದ ಏಳುವ ಶಕ್ತಿ ಸಮವಯಸ್ಕ ಆರೋಗ್ಯವಂತರ ಮಟ್ಟಕ್ಕೆ ಬಂತು. ಈಗಾಗಲೇ ಬಹಳ ಹಾಳಾಗಿರುವ ದೊಡ್ಡ ಕೀಲುಗಳ ವಿಷಯದಲ್ಲಿ ಎಚ್ಚರ ಬೇಕೆಂಬುದು ನಿಜ. ಅಂಥವರು ಎಕ್ಸ್‌ರೇ ತೋರಿಸಿ ಫಿಸಿಯೋಥೆರಪಿಸ್ಟರ ಕಣ್ಣೆದುರಿಗೇ ಮಾಡಬೇಕು.

ನೀವು ಮೊದಲು ಮಾಡಬೇಕಾದದ್ದು ಒಂದು ಸಣ್ಣ ಪರೀಕ್ಷೆ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒರಗಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಸಾಧ್ಯವಾದಷ್ಟು ಬೇಗ ಐದು ಬಾರಿ ಪೂರ್ತಿ ಎದ್ದು ಕುಳಿತುಕೊಳ್ಳಿ. ಮಕ್ಕಳಲ್ಲಿ ಯಾರಾದರೂ ಮೊಬೈಲಿನಲ್ಲಿ ಸಮಯ ನೋಡಲಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೊತ್ತುಪಡಿಸಿದ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿದೆ ಎಂದರ್ಥ. ಹೆಂಗಸರ ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೂ ಸ್ನಾಯು ಸೊರಗಿರುವ ಅನುಮಾನ ಪಡಬೇಕು. ಕೈಹಿಡಿತ ಅಳೆಯುವ ಯಂತ್ರದಲ್ಲಿ ಹೆಂಗಸರಿಗೆ 18 ಕೆ.ಜಿ. ಗಡಿ, ಆದರೆ ಸಂಧಿವಾತದಲ್ಲಿ ಬೆರಳಿನ ನೋವೇ ಹಿಡಿತವನ್ನು ತಗ್ಗಿಸುವುದರಿಂದ ನಾನು ಆ ಸಂಖ್ಯೆಯನ್ನು ಅಷ್ಟಾಗಿ ನೆಚ್ಚುವುದಿಲ್ಲ. ಸೊರಗಿದ ತೊಡೆಯವರು ಏಳುವ ಬಗೆಯನ್ನು ನೋಡಿದರೇ ತಿಳಿಯುತ್ತದೆ: ಅಂಗೈ ನೋಯುವುದರಿಂದ ಮೊಣಕೈ ಕೆಳಗಿನ ಭಾಗವನ್ನು ಕುರ್ಚಿಯ ಕೈಗೆ ಊರಿ, ಮೈಯನ್ನು ಹಿಂದೆ ಮುಂದೆ ಎರಡು ಬಾರಿ ತೂಗಿ, ಪೃಷ್ಠವನ್ನು ಮೊದಲು ಎತ್ತಿ, ಆಮೇಲೆ ಮೈಯನ್ನು ನೆಟ್ಟಗೆ ಮಾಡುತ್ತಾರೆ.

ಈ ಪರೀಕ್ಷೆಯೇ ನಿಮ್ಮ ಮೊದಲ ವ್ಯಾಯಾಮವೂ ಆಗಲಿ. ಕೈಯೂರದೆ ಏಳಲಾಗದಿದ್ದರೆ ಕುರ್ಚಿಯ ಮೇಲೆ ಕಂಬಳಿ ಮಡಿಸಿ ಹಾಕಿ ಎತ್ತರ ಮಾಡಿಕೊಳ್ಳಿ. ಏಳುವಾಗ ಬೇಗ, ಕೂರುವಾಗ ಮೂರು ಎಣಿಸುವಷ್ಟು ನಿಧಾನ, ಧೊಪ್ಪನೆ ಬೀಳಬಾರದು. ಎಂಟರಿಂದ ಹತ್ತು ಬಾರಿ, ಎರಡು ನಿಮಿಷ ಬಿಡುವು, ಮತ್ತೆ ಎಂಟರಿಂದ ಹತ್ತು ಬಾರಿ. ಕೊನೆಯ ಎರಡು ಸಲ ಏಳುವಾಗ ನಿಜವಾಗಿಯೂ ಕಷ್ಟವೆನಿಸಬೇಕು. ಮಾತಾಡಿಕೊಂಡು ಸಲೀಸಾಗಿ ಮುಗಿಯುವಂತಿದ್ದರೆ ಸ್ನಾಯುವಿಗೆ ಅದು ಲೆಕ್ಕಕ್ಕಿಲ್ಲ. ಸಲೀಸಾಯಿತೆಂದರೆ ಕಂಬಳಿ ತೆಗೆಯಿರಿ, ಅದೂ ಸಲೀಸಾದರೆ ಒಂದು ಲೀಟರಿನ ನೀರಿನ ಬಾಟಲಿಯನ್ನು ಬಟ್ಟೆಚೀಲಕ್ಕೆ ಹಾಕಿ ಚೀಲದ ಹಿಡಿಯನ್ನು ಮುಂದೋಳಿಗೆ ಸಿಕ್ಕಿಸಿಕೊಳ್ಳಿ, ಬೆರಳುಗಳಲ್ಲಿ ಹಿಡಿಯಬೇಡಿ. ಹೀಗೆ ಮುಂದೋಳಿನಲ್ಲಿ ಚೀಲ ತೂಗಿಕೊಂಡು ಮೊಣಕೈ ಮಡಿಸುವುದು ತೋಳಿಗೆ, ಗೋಡೆಗೆ ಮುಂದೋಳೂರಿ ಮೈಯನ್ನು ತಳ್ಳುವುದು ಭುಜಕ್ಕೆ, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಮೀನಖಂಡಕ್ಕೆ. ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನವಾದರೂ ಬಿಡುವಿರಲಿ. ಬೆಳಗಿನ ಜಾವದ ಬಿಗಿತ ಬಿಟ್ಟ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಮಾಡುವುದು ಮೇಲು.

ನೋವಿನ ಬಗ್ಗೆ ಒಂದು ಅಳತೆಗೋಲಿದೆ. ವ್ಯಾಯಾಮದ ನಂತರ ಸ್ನಾಯುಗಳು ಒಂದೆರಡು ದಿನ ಹಿಡಿದುಕೊಂಡಂತಾಗುವುದು ಸಹಜ. ಕೀಲಿನ ನೋವು ಮಾತ್ರ ಮೊದಲಿದ್ದುದಕ್ಕಿಂತ ಹೆಚ್ಚಾಗಿ, ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಆ ದಿನದ ಭಾರ ಜಾಸ್ತಿಯಾಯಿತೆಂದು ತಿಳಿದು ಮುಂದಿನ ಬಾರಿ ಕಡಿಮೆ ಮಾಡಿ, ನಿಲ್ಲಿಸಬೇಡಿ. ಮಂಡಿ ಬಿಸಿಯಾಗಿ ಊದಿದ ದಿನಗಳಲ್ಲಿ ಏಳುವುದು ಕೂರುವುದು ಬೇಡ. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದಾರು ಸೆಕೆಂಡು ತೊಡೆಯನ್ನು ಬಿಗಿಹಿಡಿದು ಬಿಡಿ. ಕೀಲು ಅಲುಗದೆ ಸ್ನಾಯು ಕೆಲಸ ಮಾಡಲು ಇದಕ್ಕಿಂತ ಸರಳವಾದ ದಾರಿಯಿಲ್ಲ. ಕೈಬೆರಳುಗಳಿಗೂ ಬಲವರ್ಧನೆಯ ಪ್ರತ್ಯೇಕ ವ್ಯಾಯಾಮಗಳಿವೆ. ಅವುಗಳಿಂದ ಒಂದು ವರ್ಷದ ನಂತರವೂ ಕೈಕೆಲಸ ಸುಧಾರಿಸಿದ್ದನ್ನು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು 2015ರಲ್ಲಿ ತೋರಿಸಿತು. ಆದರೆ ಬೆರಳು ವಾಲಿರುವವರು ಅವನ್ನು ನೋಡಿ ಕಲಿಯಬೇಕೇ ಹೊರತು ಓದಿ ಮಾಡಬಾರದು. ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗುವುದಿದ್ದರೆ ಫಿಸಿಯೋಥೆರಪಿಗೆ ಚೀಟಿ ಬರೆಸಿಕೊಳ್ಳಿ.

ಇಷ್ಟು ಹೇಳಿದ ಮೇಲೂ, ಎಲ್ಲ ನಿಶ್ಶಕ್ತಿಯನ್ನೂ ಸಂಧಿವಾತದ ತಲೆಗೆ ಕಟ್ಟಬಾರದು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ, ವಿಟಮಿನ್ ಡಿ ತೀರಾ ಇಳಿದರೆ, ಸ್ಟೀರಾಯ್ಡಿನಿಂದ ಸಕ್ಕರೆ ಕಾಯಿಲೆ ಬಂದಿದ್ದರೆ ತೊಡೆಯ ಬಲ ಹೀಗೆಯೇ ಕುಂದುತ್ತದೆ. ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೆಲವರ ಸ್ನಾಯುವಿಗೆ ಒಗ್ಗುವುದಿಲ್ಲ, ಸ್ನಾಯುವಿನಲ್ಲಿಯೇ ಉರಿಯೂತವಾಗುವ ಬೇರೆ ಕಾಯಿಲೆ ಸಂಧಿವಾತದ ಜೊತೆ ಸೇರಿಕೊಳ್ಳುವುದೂ ಅಪರೂಪಕ್ಕೆ ಉಂಟು. ಹಾಗಾಗಿ ಮುಂದಿನ ಸಲ ವೈದ್ಯರ ಬಳಿ ಹೋದಾಗ ಥೈರಾಯ್ಡ್ ನೋಡುವ ಟಿಎಸ್‌ಎಚ್, ವಿಟಮಿನ್ ಡಿ, ಸಕ್ಕರೆ, ಕ್ರಿಯಾಟಿನಿನ್, ಸಿಕೆ ಇವಿಷ್ಟನ್ನು ಒಮ್ಮೆ ನೋಡಿಸಬಹುದೇ ಎಂದು ಕೇಳಿ, ಎಲುಬಿನ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸುವುದಾದರೆ ಅದೇ ಯಂತ್ರದಲ್ಲಿ ಸ್ನಾಯು ಮತ್ತು ಕೊಬ್ಬಿನ ಪ್ರಮಾಣವನ್ನೂ ತೆಗೆಯಬಹುದು ಎಂಬುದನ್ನು ನೆನಪಿಸಿ. ಕುರ್ಚಿಯ ಪರೀಕ್ಷೆಯ ಸೆಕೆಂಡುಗಳನ್ನೂ, ಕಳೆದ ಆರು ತಿಂಗಳಲ್ಲಿ ನುಂಗಿದ ಪ್ರೆಡ್ನಿಸೋಲೋನಿನ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಕೆಲವು ಲಕ್ಷಣಗಳಿಗೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯಬಾರದು. ಬಹಳ ವರ್ಷದ ಸಂಧಿವಾತದಲ್ಲಿ ಕತ್ತಿನ ಮೇಲಿನ ಎರಡು ಎಲುಬುಗಳ ನಡುವಿನ ಕಟ್ಟು ಸಡಿಲಗೊಂಡು ಬೆನ್ನುಹುರಿ ಒತ್ತಿಹೋಗುವ ಸಂಭವವಿರುತ್ತದೆ. ಕತ್ತು ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತಾಗುವುದು, ಕೈಕಾಲು ಜೋಮು ಹಿಡಿದು ನಡಿಗೆ ತಡವರಿಸುವುದು, ಮೂತ್ರದ ಹತೋಟಿ ತಪ್ಪುವುದು ಅದರ ಸೂಚನೆ. ಹೀಗಾದರೆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ಒಂದು ಬೆರಳನ್ನು ನೆಟ್ಟಗೆ ಮಾಡಲಾಗದಿದ್ದರೆ ಅದು ಸ್ನಾಯುವಿನ ನಿಶ್ಶಕ್ತಿಯಲ್ಲ, ಸ್ನಾಯುರಜ್ಜು ತುಂಡಾಗಿರಬಹುದು. ತಡಮಾಡದೆ ಹೋದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸುವ ಅವಕಾಶ ಹೆಚ್ಚು.